ತಹಸೀಲ್ದಾರರ ಬ್ಯಾಂಕಿಗೆ ಬಂದ ಹೊಸ ಆವೃತ್ತಿಗಳು

ಚೆನ್ನಾಗಿ ನಡೆಯುತ್ತಿರುವುದನ್ನು ಸುಧಾರಿಸಲು ಹೊರಡುವವರು ಪ್ರತಿ ಬೀದಿಯಲ್ಲೂ ಒಬ್ಬರಿರುತ್ತಾರೆ. ಹೊಸಪೇಟೆಯ ನಮ್ಮ ಬೀದಿಯಲ್ಲಿ ಆ ಒಬ್ಬರು ಇಂಜಿನಿಯರು, ಹೀಗಾಗಿ ನಮಗೆ ಇಂಥ ಪ್ರಸಂಗಗಳಿಗೆ ಬರವಿಲ್ಲ. ಅವರದು ಕುರೆಕುಪ್ಪದ ಕಡೆ ಕಾರ್ಖಾನೆಯಲ್ಲಿ ಕೆಲಸ. ವಾರವಿಡೀ ಅಲ್ಲಿ ಏನನ್ನು ಸುಧಾರಿಸುತ್ತಾರೋ ಗೊತ್ತಿಲ್ಲ. ಭಾನುವಾರ ನಮ್ಮನ್ನು ಸುಧಾರಿಸುತ್ತಾರೆ.

ಹಳೇ ಡಬ್ಬಿ

ಭಾನುವಾರ ಮಧ್ಯಾಹ್ನ ನಾವು ನಾಲ್ವರು ಎದುರುಮನೆಯ ನಿವೃತ್ತ ತಹಸೀಲ್ದಾರರ ಪಡಸಾಲೆಯಲ್ಲಿ ಬಿಸಿನೆಸ್ ಆಟ ಆಡುತ್ತೇವೆ. ದಾಳ ಹಾಕಿ, ಊರು ಕೊಂಡು, ಮನೆ ಕಟ್ಟಿ, ಅಲ್ಲಿಗೆ ಬಂದು ನಿಂತವರಿಂದ ಬಾಡಿಗೆ ಕಿತ್ತು, ಎಲ್ಲರನ್ನೂ ದಿವಾಳಿ ಮಾಡಿದವರು ಗೆಲ್ಲುವ ಆ ಹಳೆಯ ಆಟ. ಮಕ್ಕಳ ಆಟ ಎಂದು ಡಬ್ಬಿಯ ಮೇಲೆ ಬರೆದಿದೆ. ಡಬ್ಬಿಯ ಮೇಲೆ ಬರೆದದ್ದನ್ನೆಲ್ಲ ನಂಬುವ ವಯಸ್ಸು ನಮ್ಮದಲ್ಲ.

ಆಡುವವರಲ್ಲಿ ನಾನೊಬ್ಬ: ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು, ಆದ್ದರಿಂದ ಪ್ರತಿ ಸಲ ಮೊದಲು ದಿವಾಳಿಯಾಗುವವನು. ಇನ್ನೊಬ್ಬರು ಇಂಜಿನಿಯರು. ಮತ್ತೊಬ್ಬರು ಹಂಪಿಯ ಗುಡಿಯೊಂದರ ಅರ್ಚಕರು. ಮಧ್ಯಾಹ್ನ ಗುಡಿ ಬಾಗಿಲು ಹಾಕಿ ಸ್ಕೂಟರಿನಲ್ಲಿ ಬರುತ್ತಾರೆ. ನಾಲ್ಕನೆಯವರು ತಹಸೀಲ್ದಾರರ ಹೆಂಡತಿ. ನಮಗೆಲ್ಲ ಅಮ್ಮಾರು.

ತಹಸೀಲ್ದಾರರು ಆಡುವುದಿಲ್ಲ. ಅವರು ಬ್ಯಾಂಕು. ಊರು ಬೇಕಾದವರು ಸುಮ್ಮನೆ ಕಾರ್ಡು ಎತ್ತಿಕೊಳ್ಳುವ ಹಾಗಿಲ್ಲ. "ಸರ್, ಮದ್ರಾಸು ಖಾಲಿ ಐತಿ, ನನಗ ಮಂಜೂರು ಮಾಡ್ರಿ" ಎಂದು ಕೇಳಬೇಕು. ಅವರು ಚಹಾ ಹೀರಿ, ಕಿಟಕಿಯ ಕಡೆ ನೋಡಿ, "ಪರಿಶೀಲಿಸೋಣು" ಎನ್ನುತ್ತಾರೆ. ಆಮೇಲೆ ಕಾರ್ಡು ಬರುತ್ತದೆ. ಇದು ಯಾವ ನಿಯಮ ಎಂದು ಕೇಳುವಂತಿಲ್ಲ. ನಿಯಮದ ಪುಸ್ತಕವನ್ನು ಗೆದ್ದಲು ಎಂದೋ ತಿಂದು ಮುಗಿಸಿದೆ. ನಿವೃತ್ತಿಯಾದ ಮೇಲೆ ಅವರ ಪಾಲಿಗೆ ಉಳಿದಿದ್ದ ಕಚೇರಿ ಇದೊಂದೇ. ಅದು ನಮಗೂ ಗೊತ್ತಿತ್ತು, ಆದ್ದರಿಂದ ಸರ್ ಎನ್ನುತ್ತಿದ್ದೆವು.

ಒಮ್ಮೆ ಅರ್ಚಕರು ಹೋಟೆಲು ಕಟ್ಟಿದ್ದ ದಿಲ್ಲಿಯ ಮೇಲೆ ನನ್ನ ಕಾಯಿ ಹೋಗಿ ನಿಂತಿತು. ಬಾಡಿಗೆ ಕೊಟ್ಟರೆ ನಾನು ಮುಗಿದೆ.

"ಸ್ವಾಮಿ, ಸ್ವಲ್ಪ ದಯೆ ತೋರಿಸಿ," ಎಂದೆ.

"ದಯಾ ಹಂಪಿಯೊಳಗ ಸಿಗ್ತೈತ್ರಿ, ಮುಂಜಾನೆ ಗುಡಿ ತೆರದ ಮ್ಯಾಲೆ," ಎಂದರು ಅರ್ಚಕರು ಕೈ ಚಾಚಿ. "ಇದು ದಿಲ್ಲಿ."

ಮಷೀನು

ಮೊದಲ ಸುಧಾರಣೆ ಬಂದದ್ದು ಎಲೆಕ್ಟ್ರಾನಿಕ್ ಆವೃತ್ತಿಯ ರೂಪದಲ್ಲಿ. ನೋಟಿಲ್ಲ. ಒಬ್ಬೊಬ್ಬರಿಗೂ ಒಂದು ಕಾರ್ಡು, ನಡುವೆ ಅಂಗೈಯಗಲದ ಮಷೀನು. ಉಜ್ಜಿದರೆ ಕುಂಯ್ ಎನ್ನುತ್ತದೆ, ವ್ಯವಹಾರ ಮುಗಿಯಿತು.

"ಇನ್ನ ಬ್ಯಾಂಕರ್ ಬೇಕಾಗಂಗಿಲ್ರಿ," ಎಂದರು ಇಂಜಿನಿಯರು ಹೆಮ್ಮೆಯಿಂದ. ಎದುರಿಗೆ ಬ್ಯಾಂಕರ್ ಕೂತಿದ್ದರು.

"ಹಂಗಾದ್ರ ನಾ ಏನ್ ಮಾಡ್ಲಿ?" ಎಂದರು ತಹಸೀಲ್ದಾರರು.

"ನೀವೂ ಆಡ್ರಿ ಸರ್."

ಜನರ ಜೊತೆ ಸಾಲಿನಲ್ಲಿ ನಿಲ್ಲಿರಿ ಎಂದು ಹೇಳಿದಂತಾಯಿತು. ತಹಸೀಲ್ದಾರರು ಎದ್ದು ಸೋಫಾಕ್ಕೆ ಹೋಗಿ, ಆಗಲೇ ಓದಿದ್ದ ಪೇಪರನ್ನು ಮತ್ತೆ ಓದತೊಡಗಿದರು.

ಕೊಟ್ಟರೂ ತೆಗೆದುಕೊಂಡರೂ ಮಷೀನಿನದು ಒಂದೇ ಕುಂಯ್. ಅಮ್ಮಾರು ಅರ್ಚಕರಿಗೆ ಬಾಡಿಗೆ ಕೊಟ್ಟರೋ, ಅರ್ಚಕರೇ ಅಮ್ಮಾರಿಗೆ ಕೊಟ್ಟರೋ ಎಂದು ಜಗಳ ಹತ್ತಿತು. "ರೊಕ್ಕ ಕಣ್ಣಿಗೆ ಕಾಣವಲ್ದು, ಹೋತು ಅಂದ್ರ ಹೆಂಗ ನಂಬೂದು?" ಎಂದರು ಅಮ್ಮಾರು. ಸರಿಮಾಡುತ್ತೇನೆಂದು ಇಂಜಿನಿಯರು ಒಂದು ಗುಂಡಿ ಒತ್ತಿದರು. ಎಲ್ಲರ ಖಾತೆಯೂ ಸಮ ಆಯಿತು. ಸಮತಾವಾದದ ಬಗ್ಗೆ ಕಾಲೇಜಿನಲ್ಲಿ ವರ್ಷವಿಡೀ ಕೊರೆಯುತ್ತೇನೆ. ಅದಕ್ಕೊಂದು ಗುಂಡಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಪಡಸಾಲೆಯಲ್ಲೇ ಇಟ್ಟುಹೋಗಿದ್ದ ಮಷೀನು ಮುಂದಿನ ಭಾನುವಾರ ಹೊತ್ತಿಕೊಳ್ಳಲಿಲ್ಲ. ತಿರುಗಿಸಿ ನೋಡಿದರೆ ಒಳಗೆ ಸೆಲ್ಲುಗಳೇ ಇಲ್ಲ.

"ಅದಕ್ಕ ಅನ್ನೂದು, ಇವುನ್ನೆಲ್ಲ ನಂಬಬಾರ್ದು," ಎಂದು ತಹಸೀಲ್ದಾರರು ಹಳೇ ಡಬ್ಬಿ ತಂದು, ನೋಟಿನ ಕಟ್ಟು ಬಿಚ್ಚಿ ತಮ್ಮ ಜಾಗದಲ್ಲಿ ಕೂತರು.

ಅಮ್ಮಾರು ಚಹಾ ತಂದಿಟ್ಟು ಸಂತೋಷದಿಂದ ಹೇಳಿದರು: "ನಮ್ಮ ಬಿಪಿ ನೋಡೋ ಮಷೀನು ಕೆಟ್ಟು ಭಾಳ ದಿನ ಆಗಿತ್ರಿ. ನಿನ್ನೆಯಿಂದ ಮಸ್ತ್ ನಡದೈತಿ."

ಜಲ್ದಿ ಆವೃತ್ತಿ

ಆಮೇಲೆ ಬಂದದ್ದು ಅರ್ಧ ತಾಸಿನಲ್ಲಿ ಮುಗಿಯುವ ಆಟ. "ಈಗ ಜನಕ್ಕ ಟೈಮ್ ಇಲ್ರಿ," ಎಂಬುದು ಇಂಜಿನಿಯರ ವಾದ. ಭಾನುವಾರ ಮಧ್ಯಾಹ್ನ ನಮ್ಮ ಬೀದಿಯಲ್ಲಿ ಟೈಮ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಆದರೂ ಒಪ್ಪಿದೆವು. ಬೋರ್ಡು ಅರ್ಧ, ಊರು ಅರ್ಧ. ಮೂರು ಊರು ಕೈಗೆ ಬಂದವರು ಗೆದ್ದಂತೆ. ಊರುಗಳನ್ನು ಮೊದಲೇ ಇಸ್ಪೀಟಿನಂತೆ ಹಂಚಿಬಿಡುವುದರಿಂದ ಮಂಜೂರು ಮಾಡಲು ಏನೂ ಉಳಿಯಲಿಲ್ಲ. ತಹಸೀಲ್ದಾರರು ಕೊಡೆ ಹಿಡಿದು ವಾಕಿಂಗ್ ಹೊರಟರು. ಹೊರಗೆ ಬಿಸಿಲು ಕೆಂಡದ ಹಾಗಿತ್ತು.

ಅಮ್ಮಾರು ವಾಡಿಕೆಯಂತೆ ತಮ್ಮ ಪರವಾಗಿ ದಾಳ ಹಾಕುವ ಕೆಲಸ ಇಂಜಿನಿಯರಿಗೆ ವಹಿಸಿ ಮಿರ್ಚಿ ಕರಿಯಲು ಒಳಗೆ ಹೋದರು. ಹಳೇ ಆಟದಲ್ಲಿ ಮಿರ್ಚಿ ಕರಿದು, ಮಂಡಕ್ಕಿ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಅವರ ಕಾಯಿ ಒಂದು ಮೂಲೆ ದಾಟಿದ್ದರೆ ಹೆಚ್ಚು. ಈ ಸಲ ತಟ್ಟೆ ಹಿಡಿದು ಬಂದಾಗ ನಾವು ಬೋರ್ಡು ಮಡಚುತ್ತಿದ್ದೆವು.

"ಆಟ?"

"ಮುಗೀತ್ರಿ."

"ನಾನು?"

"ನೀವು ದಿವಾಳಿ ಆದ್ರಿ," ಎಂದರು ಇಂಜಿನಿಯರು. "ಭಾಳ ಜಲ್ದಿ ಆತು, ನೋವೇನ್ ಆಗಿರಂಗಿಲ್ಲ."

"ನಿಮಗ ಮಿರ್ಚಿ ಕರಿಯೂದ್ರಾಗ ನನ್ನ ಮನಿ ಮಾರಿಬಿಟ್ರಿ?"

ಅಮ್ಮಾರು ತಟ್ಟೆಯೊಂದಿಗೆ ಹಾಗೇ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು: "ಮಿರ್ಚಿದೂ ಜಲ್ದಿ ಆವೃತ್ತಿ ರೀ. ಮುಗೀತು."

ಎಲ್ಲರೂ ಗೆಲ್ಲುವ ಆಟ

ಕಾರಿನ ಮೇಲಿನ ಗಣಿಯ ಕೆಂಪು ಧೂಳು ಒರೆಸುತ್ತ ಇಂಜಿನಿಯರಿಗೆ ಒಂದು ದಿನ ಪರಿಸರದ ಚಿಂತೆ ಹತ್ತಿತು. ಹಸಿರು ಆವೃತ್ತಿ ತರಿಸಿದರು. ಇದರಲ್ಲಿ ಮನೆ ಕಟ್ಟುವ ಬದಲು ಗಿಡ ನೆಡಬೇಕು. ಬಾಡಿಗೆ ಇಲ್ಲ. ಬೋರ್ಡು ಹಸಿರಾದರೆ ಎಲ್ಲರೂ ಗೆದ್ದ ಹಾಗೆ.

"ಸೋಲೋರು ಯಾರ್ರಿ?" ಎಂದು ಅರ್ಚಕರು ಕೇಳಿದರು.

"ಯಾರೂ ಇಲ್ಲ."

"ಹಂಗಾದ್ರ ಇಷ್ಟ್ ಬಿಸಲಾಗ ನಾ ಯಾಕ ಬಂದ್ನಿ?"

ತಹಸೀಲ್ದಾರರನ್ನು ಸಮಾಧಾನಪಡಿಸಲು ಈ ಆವೃತ್ತಿಯಲ್ಲಿ ಅವರಿಗೊಂದು ಸ್ಥಾನ ಹುಡುಕಿದ್ದರು. ಇಂಜಿನಿಯರು ಅವರ ಕೊರಳಿಗೆ 'ಪರಿಸರ ಪಾಲಕ' ಎಂಬ ಹಸಿರು ಬಿಲ್ಲೆ ಹಾಕಿದರು.

"ದಂಡ ಹಾಕಬಹುದೇನು?"

"ಇಲ್ಲ ಸರ್."

"ನೋಟಿಸು?"

"ಇಲ್ರಿ. ಎಲ್ಲಾರ್ನೂ ಹುರಿದುಂಬಿಸಬೇಕು, ಅಷ್ಟ."

ತಹಸೀಲ್ದಾರರು ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟರು. "ಇದು ಹುದ್ದೆ ಅಲ್ರೀ. ಸನ್ಮಾನ."

ನಮ್ಮೂರ ಆವೃತ್ತಿ

ಅಲ್ಲಿಂದ ಮುಂದೆ ತಹಸೀಲ್ದಾರರು ಭಾನುವಾರ ಪಡಸಾಲೆಗೇ ಬರಲಿಲ್ಲ. ಬರದಿದ್ದರೆ ಚಿಂತೆಯಿರಲಿಲ್ಲ, ಅವರು ಅಡುಗೆಮನೆಗೆ ಹೋಗತೊಡಗಿದರು. ಬೇಳೆ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದರು. ಸಾಸಿವೆ ಇಷ್ಟು ಬೇಗ ಏಕೆ ಖಾಲಿಯಾಯಿತೆಂದು ವಿವರಣೆ ಕೇಳಿದರು.

"ಅವರಿಗೆ ಏನಾರ ಒಂದ್ ಕೆಲಸ ಕೊಡ್ರಿ," ಎಂದು ಅಮ್ಮಾರು ನನ್ನನ್ನೂ ಇಂಜಿನಿಯರನ್ನೂ ಗೇಟಿನಲ್ಲಿ ತಡೆದು ಹೇಳಿದರು. "ಇಲ್ಲಾಂದ್ರ ನಾ ಕಂಪ್ಲಿಗೆ ಅಕ್ಕನ ಮನಿಗೆ ಹೋಗ್ತೀನಿ. ಆಮ್ಯಾಲೆ ಮಿರ್ಚಿ ನೀವ ಕರಕೋರಿ."

ಪರಿಸ್ಥಿತಿಯ ಗಾಂಭೀರ್ಯ ಅರ್ಥವಾಯಿತು. ಇಂಜಿನಿಯರು ಕಂಪ್ಯೂಟರಿನ ಮುಂದೆ ಕೂತು ತಾವೇ ಒಂದು ಆವೃತ್ತಿ ತಯಾರಿಸಿದರು. ದಿಲ್ಲಿ, ಮದ್ರಾಸು ತೆಗೆದು ಹಂಪಿ, ಸಂಡೂರು, ಕಂಪ್ಲಿ, ಮಲಪನಗುಡಿ, ಎಮ್ಮಿಗನೂರು ಹಾಕಿದರು. ಅಚ್ಚು ಮಾಡಿಸಿ ತಹಸೀಲ್ದಾರರ ಕೈಗಿಟ್ಟು, ಬ್ಯಾಂಕು ಮತ್ತೆ ನಿಮ್ಮದೇ ಎಂದರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ನಿಯಮಾನೂ ನೀವ ಒಮ್ಮೆ ನೋಡಿಬಿಡ್ರಿ ಸರ್," ಎಂದುಬಿಟ್ಟರು.

ಭಾನುವಾರ ತಹಸೀಲ್ದಾರರು ಇಸ್ತ್ರಿ ಶರ್ಟು ಹಾಕಿ ಕೂತಿದ್ದರು. ಪಕ್ಕದಲ್ಲಿ ಶಾಯಿಯ ಪ್ಯಾಡು, ಮುದ್ರೆ ಒತ್ತಲು ಸೋಡಾ ಬಾಟಲಿಯ ಮುಚ್ಚಳ. ಮುಖದ ಮೇಲೆ ಹತ್ತು ವರ್ಷ ಕಮ್ಮಿಯಾಗಿತ್ತು.

ಅರ್ಚಕರ ಕಾಯಿ ಹಂಪಿಗೆ ಹೋಯಿತು. "ಸರ್, ಜಾಗ ಮಂಜೂರು ಮಾಡ್ರಿ, ಒಂದು ಮನಿ ಕಟ್ತೀನಿ."

"ಹಂಪಿಯೊಳಗ ಕಟ್ಟೂಹಂಗಿಲ್ಲ. ಸುಣ್ಣ ಬಳಿಯಾಕೂ ಪರವಾನಗಿ ಬೇಕು."

"ಅದು ನನಗ ಗೊತ್ತಿಲ್ಲೇನ್ರಿ? ಅಲ್ಲೇ ಇರೋನು ನಾನು. ಬಚ್ಚಲಕ್ಕೊಂದು ಗ್ವಾಡಿ ಎಬ್ಬಿಸಾಕ ಆಗವಲ್ದು. ಆಟದಾಗರ ಕಟ್ಟೂಣು ಅಂತ ಬಂದ್ರ ಇಲ್ಲೂ ನೀವಾ?"

"ಅರ್ಜಿ ಇಟ್ಟು ಹೋಗ್ರಿ."

ಇಂಜಿನಿಯರು ಸಂಡೂರಿನ ಗಣಿ ಕೇಳಿದರು. ತಹಸೀಲ್ದಾರರು ಅರಣ್ಯ ಇಲಾಖೆಯವರ ಒಪ್ಪಿಗೆ ತರಲು ಹೇಳಿದರು. ಆಟದಲ್ಲಿ ಅರಣ್ಯದವರು ಯಾರೂ ಇಲ್ಲವಲ್ಲ ಎಂದರೆ, "ಅದು ನಿಮ್ಮ ತಯಾರಿಕೆಯ ದೋಷ," ಎಂದರು.

ನಾನು ಎಮ್ಮಿಗನೂರಿನ ಭತ್ತದ ಗದ್ದೆ ಕೇಳಿದೆ.

"ನೀವು ರೈತರೇನು?"

"ಅಲ್ಲ. ಆದರೆ ರೈತರಲ್ಲದವರು ಹೊಲ ಕೊಳ್ಳಬಾರದೆಂಬ ಕಾಯ್ದೆ ತೆಗೆದು ಎಷ್ಟೋ ದಿನವಾಯಿತಲ್ಲ ಸರ್."

"ನಾ ಇದ್ದಾಗ ಇತ್ತು," ಎಂದರು ತಹಸೀಲ್ದಾರರು. ಆಟಕ್ಕೆ ಎಷ್ಟು ಹೊಸ ಆವೃತ್ತಿ ಬಂದರೇನು, ಬ್ಯಾಂಕರ್ ಹಳೆಯ ಆವೃತ್ತಿ.

ಹೀಗೆ ಹಲವು ಭಾನುವಾರ ಕಳೆದವು. ಕಾಯಿಗಳು ಸುತ್ತುತ್ತಲೇ ಇದ್ದವು, ಒಂದು ಗೇಣು ಜಾಗವೂ ಮಾರಾಟವಾಗಲಿಲ್ಲ. ಯಾರೂ ದಿವಾಳಿಯಾಗಲಿಲ್ಲ, ಆಗಲು ಬೇಕಾದ ಪರವಾನಗಿಯೂ ನಮ್ಮಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಮಾತ್ರ ಶಾಂತಿ ನೆಲೆಸಿತ್ತು.

ಕೊನೆಗೆ ಒಂದು ಭಾನುವಾರ ಅಮ್ಮಾರ ಕಾಯಿ ಮಲಪನಗುಡಿಯ ಮೇಲೆ ನಿಂತಿತು. "ಇದು ನನಗ ಬೇಕ್ರಿ," ಎಂದರು.

ತಹಸೀಲ್ದಾರರು ಚಹಾ ಹೀರಿ ಕಿಟಕಿಯ ಕಡೆ ನೋಡಿದರು. ಹೆಂಡತಿಯೆಂದು ರಿಯಾಯಿತಿ ತೋರಿಸಿದರೆ ನಾವು ಏನಂದುಕೊಂಡೇವು ಎಂಬ ಅಳುಕು. "ನಾಳೆ ಬರ್ರಿ," ಎಂದರು.

ಅಮ್ಮಾರು ದಾಳ ಕೆಳಗಿಟ್ಟರು. "ಆತು. ರಾತ್ರಿ ಊಟಕ್ಕ ನೀವೂ ನಾಳೆ ಬರ್ರಿ."

ತಹಸೀಲ್ದಾರರು ಮುಚ್ಚಳವನ್ನು ಪ್ಯಾಡಿಗೆ ಒತ್ತಿ, ಮಲಪನಗುಡಿಯ ಕಾರ್ಡಿನ ಮೇಲೆ ಗುದ್ದಿದರು. "ವಿಶೇಷ ಪ್ರಕರಣ ಅಂತ ಪರಿಗಣಿಸಲಾಗಿದೆ," ಎಂದರು ನಮ್ಮ ಕಡೆ ನೋಡದೆ. ಬೋರ್ಡಿನ ಮೇಲೆ ಆಸ್ತಿ ಇದ್ದವರು ಅವರೊಬ್ಬರೇ ಆದ್ದರಿಂದ ಅಂದು ಅಮ್ಮಾರೇ ಗೆದ್ದರು.

ಅರ್ಚಕರಿಗೆ ಆಸೆ ಚಿಗುರಿತು. "ಹಂಗಾದ್ರ ನನ್ನ ಹಂಪಿ ಮನಿದೂ ಇವತ್ತ ಮುಗಿಸಿಬಿಡ್ರಿ ಸರ್."

"ನಿಮ್ಮ ಮನ್ಯಾಗ ನಾ ಉಣ್ಣಂಗಿಲ್ಲಲ್ರೀ," ಎಂದರು ತಹಸೀಲ್ದಾರರು.

ಮುಂದಿನ ಭಾನುವಾರ ಅರ್ಚಕರು ದೊಡ್ಡ ಡಬ್ಬಿ ತುಂಬ ಪುಳಿಯೋಗರೆ ಹಿಡಿದು ಬಂದರು. ತಹಸೀಲ್ದಾರರು ಪೂರ್ತಿ ತಿಂದರು, ಕೈ ತೊಳೆದರು, ಶರ್ಟು ಸರಿಮಾಡಿಕೊಂಡು ಕೂತರು. ಶಾಯಿಯ ಪ್ಯಾಡು ತೆರೆದರು. ಅರ್ಚಕರು ಹಂಪಿಯ ಅರ್ಜಿಯನ್ನು ಮತ್ತೆ ಮುಂದಿಟ್ಟರು.

"ಉಪ್ಪು ಸ್ವಲ್ಪ ಕಮ್ಮಿ," ಎಂದು ಅರ್ಜಿ ವಾಪಸ್ ಮಾಡಿದರು.