ಮಾವ ಎಳೆ ಕೂಡಿಸಿದ ಕಾರು

ಕಾರು ಕೊಂಡ ಮೇಲೆ ಯಾರ ಚಪ್ಪಲಿಯಾದರೂ ಹೆಚ್ಚು ಸವೆದದ್ದನ್ನು ನೀವು ಕಂಡಿದ್ದೀರಾ? ಇಳಕಲ್ಲಿನ ನಮ್ಮ ಸೋದರಮಾವನ ಚಪ್ಪಲಿ ಸವೆದವು! ಏಕೆಂದರೆ ಅವರ ಹತ್ತಿರ ಕಾರು ಇತ್ತೇ ಹೊರತು ಓಡಿಸಲು ಬರುತ್ತಿರಲಿಲ್ಲ. ಓಡಿಸಲು ಬರುವ ನಾನು ಹುನಗುಂದದಲ್ಲಿ ಸಾಲೆ ಮಾಸ್ತರ. ರವಿವಾರ ಬಂತೆಂದರೆ ನನ್ನ ದಾರಿ ಕಾಯುವುದು, ಉಳಿದ ಆರು ದಿನ ಕಾರನ್ನು ಒರೆಸಿ, ಧೂಳು ಬೀಳದಂತೆ ಹಳೆಯ ಸೀರೆ ಹೊದಿಸಿ, ತಾವು ಪೇಟೆಗೆ ನಡೆದುಕೊಂಡು ಹೋಗುವುದು! ಟೇಪ್ ರೆಕಾರ್ಡರ್ ಇದ್ದವರ ಮನೆಗೆ ಜನ ನೆಪ ಮಾಡಿಕೊಂಡು ಬರುತ್ತಿದ್ದ ಎಂಬತ್ತರ ದಶಕದ ಮಾತಿದು.

ಕಾರು ಕೊಂಡದ್ದು ಶೋಕಿಗಲ್ಲ, ಅತ್ತೆಯ ಕಣ್ಣಿಗಾಗಿ. ಮೂವತ್ತು ವರ್ಷ ನೆಲದ ಗುಂಡಿಗೆ ಕಾಲಿಳಿಸಿ ಕುಣಿಮಗ್ಗದಲ್ಲಿ ಕೂತು ಸೀರೆ ನೇಯ್ದ ಅತ್ತೆ, ಕಣ್ಣಿಗೆ ಪೊರೆ ಬಂದು, ಎಳೆ ಕಾಣದೆ ಮಗ್ಗ ಬಿಟ್ಟಿದ್ದರು. ಬಾಗಲಕೋಟೆಗೆ ಬಂದು ಆಪರೇಶನ್ ಮಾಡಿಸಿಕೊಳ್ಳಿ, ತಡ ಮಾಡಿದರೆ ಇದ್ದ ಬೆಳಕೂ ಹೋದೀತು ಎಂದು ಡಾಕ್ಟರು ಎಚ್ಚರಿಸಿದ್ದರು. ಆದರೆ ಅತ್ತೆಗೆ ಬಸ್ಸಿನ ಹೊಗೆ ಮೂಗಿಗೆ ಬಂದರೂ ಸಾಕು, ಹೊಟ್ಟೆ ತೊಳಸುತ್ತಿತ್ತು. ಕಾರಾದರೆ ಬಂದಾಳು ಎಂದು ಮಾವ ಕಾರು ತಂದರು. ಅತ್ತೆ ಒಮ್ಮೆ ಹತ್ತಿದರು. ಊರಿನ ಕೊನೆಯ ಮನೆ ಬರುವುದರೊಳಗೆ ಇಳಿದು, ಗೋಡೆ ಹಿಡಿದುಕೊಂಡು ನಡೆದೇ ವಾಪಸ್ಸು ಬಂದರು!

"ಚಕ್ಕಡಿ ಹೂಡ್ರಿ, ಬರ್ತೇನಿ" ಎಂದರು.

"ಚಕ್ಕಡ್ಯಾಗ ಬಾಗಲಕೋಟಿ ಮುಟ್ಟೂದ್ರಾಗ ಡಾಕ್ಟರಿಗೇ ಪೊರಿ ಬಂದಿರತೈತಿ!" ಎಂದರು ಮಾವ.

ಅದಕ್ಕೆ ಮಾವ ಕಂಡುಹಿಡಿದ ಔಷಧವೇ ಟೇಪ್ ರೆಕಾರ್ಡರ್. ಕಾರಿನ ರೇಡಿಯೋಕ್ಕೆ ಟೇಪಿನ ಪಿನ್ನು ಸಿಗಿಸುವ ಒಂದು ತೂತು ಇತ್ತು.

"ಅದರಾಗ ಸಿಗಸಿದ್ರ ಟೇಪಿನ ದನಿ ಕಾರಿನ ದೊಡ್ಡ ಸ್ಪೀಕರಿನ್ಯಾಗ ಬರತೈತಿ. ಆಗ ಅಕಿ ಎಲ್ಲಿ ಬೇಕಾದಲ್ಲಿ ಬರ್ತಾಳ."

"ತೊಡಿ ಮ್ಯಾಲ ಇಟ್ಕೊಂಡು ಹಚ್ಚಿದ್ರ ಆಗೂದಿಲ್ಲೇನ್ರಿ ಮಾಮಾ?"

"ಎಂಜಿನ್ ಸಪ್ಪಳದಾಗ ಮುಳುಗಿ ಹೋಗತೈತಿ. ನಿನಗೇನ ತಿಳೀತೈತಿ, ಮಾಸ್ತರ!"

ಯಾವ ಕ್ಯಾಸೆಟ್ ಎಂದು ಕೇಳಿದರೆ ಅಂಗಿಯ ಕಿಸೆ ಮುಚ್ಚಿಕೊಳ್ಳುತ್ತಿದ್ದರು. ಸಿನಿಮಾ ಹಾಡಿನ ಚಪಲ ಮಾವನದು, ಹೆಸರು ಮಾತ್ರ ಅತ್ತೆಯದು ಎಂದು ನಾವೆಲ್ಲ ನಕ್ಕೆವು.

ಆದರೆ ಆ ತೂತು ಸತ್ತುಹೋಗಿತ್ತು. ಕಾರಿನ ಹಿಂದಿನ ಮೂವರು ಮಾಲಕರು ಫ್ಯಾನು, ಬಣ್ಣದ ದೀಪ, ಎರಡನೇ ಹಾರ್ನು ಎಂದು ಏನೇನೋ ಹಾಕಿಸಿ, ತೆಗೆಸಿ, ಒಳಗಿನ ವೈರುಗಳೆಲ್ಲ ತುಂಡಾಗಿ ಜೋತುಬಿದ್ದಿದ್ದವು. ಮೆಕ್ಯಾನಿಕ್ ಬೇಡವೇ ಬೇಡ ಎಂದರು ಮಾವ. ಏಕೆ ಗೊತ್ತೇ? ಅವರ ಮನೆಯಲ್ಲಿ ನೇಯುವವರು ಅತ್ತೆ, ಎಳೆ ಕೂಡಿಸುವವರು ಮಾವ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದೆಳೆಗಳ ಸಾಲು, ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಎಳೆಯನ್ನು, ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸೆದು ಕೂಡಿಸಬೇಕು. ಬಣ್ಣಕ್ಕೆ ಬಣ್ಣ ತಪ್ಪಬಾರದು.

"ಸಾವಿರಾರು ಎಳಿ ಕೂಡಿಸಿದ ಕೈ ಇದು. ಈ ಹತ್ತಿಪ್ಪತ್ತು ವೈರ್ ಯಾವ ಗಿಡದ ತಪ್ಪಲ?" ಎಂದವರೇ ಬೆರಳಿಗೆ ಬೂದಿ ಹಚ್ಚಿಕೊಂಡು ಕೆಂಪಿಗೆ ಕೆಂಪು, ಹಸಿರಿಗೆ ಹಸಿರು, ಕರಿಗೆ ಕರಿ ಹೊಸೆದೇ ಬಿಟ್ಟರು!

ಪರೀಕ್ಷೆಗೆಂದು ಮಾವನನ್ನು ಕೂಡಿಸಿಕೊಂಡು ಹುನಗುಂದದ ದಾರಿ ಹಿಡಿದೆ. ಎಡಕ್ಕೆ ತಿರುಗುವ ದೀಪ ಹಾಕಿದರೆ ವೈಪರ್ ಆಡಿತು. ಟೇಪಿನ ಪಿನ್ನು ಸಿಗಿಸಿದರೆ ಹಾರ್ನ್ ಹೊಡೆದುಕೊಂಡಿತು. ಎಮ್ಮೆಗಳು ಅಡ್ಡ ಬಂದವೆಂದು ಬ್ರೇಕ್ ಒತ್ತಿದೆ. ರೇಡಿಯೋ ತಾನಾಗಿಯೇ ಹತ್ತಿ, "ಹತ್ತಿಗೆ ಹುಳ ಬಿದ್ದಿದ್ದರೆ ಕೂಡಲೇ ಔಷಧ ಹೊಡೆಯಿರಿ" ಎಂದು ಕೂಗಿತು! ಎಮ್ಮೆ ಕಾಯುವವ ಗಾಬರಿಯಾಗಿ ಕೈಮುಗಿದ.

"ನಾವು ಹತ್ತಿ ಬಿತ್ತಿಲ್ರೀ ಸಾಹೇಬ್ರ, ಬರೇ ಜ್ವಾಳ!"

ಮಾವನಿಗೆ ಎಳ್ಳಷ್ಟೂ ಬೇಸರವಾಗಲಿಲ್ಲ. "ರೇಡಿಯೋ ಅಂತೂ ಹತ್ತಿತಲ್ಲ!" ಎಂದರು.

ಹುನಗುಂದದ ರೇಡಿಯೋ ರಿಪೇರಿಯವನು ಒಳಗೆ ಹಾಕಿದ ತಲೆಯನ್ನು ಬಹಳ ಹೊತ್ತು ಹೊರಗೆ ತೆಗೆಯಲೇ ಇಲ್ಲ.

"ಏನ್ ಛಂದ ಕೂಡಸೀರ್ರಿ ಯಜಮಾನ್ರ! ಬಿಚ್ಚಾಕ ಮನಸ ಬರವಲ್ದು. ಆದರ ಬಣ್ಣ ನೋಡಿ ಯಾಕ ಕೂಡಸಿದ್ರಿ?"

"ಮತ್ತ ಏನ ನೋಡಿ ಕೂಡಸಬೇಕು?"

"ಹಿಂದಿನವ್ರು ಕೈಗೆ ಸಿಕ್ಕ ವೈರ್ ಹಚ್ಚ್ಯಾರ್ರಿ. ಈ ತುದಿಗೆ ಕೆಂಪ ಇದ್ದದ್ದು ಆ ತುದಿಗೆ ಹಸರ ಐತಿ. ನಿಮ್ಮ ಟೇಪಿನ ವೈರ್ ಹೋಗಿ ಹಾರ್ನಿಗೆ ಕೂಡೇತಿ."

"ನಡುವ ಬಣ್ಣ ಬದಲಾಗೂದು ಅಂದ್ರ?" ಮಾವನಿಗೆ ಸಿಟ್ಟೇ ಬಂತು. "ಅದು ವೈರಲ್ಲಪಾ, ದಗಾ!"

ತಾನೇ ಸರಿ ಮಾಡಿಕೊಡುತ್ತೇನೆ ಎಂದು ಅವನೆಂದರೂ ಮಾವ ಒಪ್ಪಲಿಲ್ಲ. ಯಾವುದಕ್ಕೆ ಯಾವುದು ಕೂಡಬೇಕೆಂದು ಅವನಿಂದ ಚೀಟಿಯಲ್ಲಿ ಬರೆಸಿಕೊಂಡು, ಮನೆಗೆ ಬಂದು ಎಲ್ಲವನ್ನೂ ಬಿಚ್ಚಿದರು. ಈ ಸಲ ಬಣ್ಣವೇ ಬೇಡವೆಂದು ಕಣ್ಣು ಮುಚ್ಚಿ ಕೂತರು. ಒಂದೊಂದು ವೈರನ್ನೂ ಈ ತುದಿಯಲ್ಲಿ ಮೆಲ್ಲಗೆ ಜಗ್ಗಿ, ಅತ್ತ ಯಾವುದು ಅಲುಗಿತೆಂದು ಇನ್ನೊಂದು ಕೈಯಿಂದ ಹುಡುಕಿ, ಆಮೇಲೆ ಕಣ್ಣು ತೆರೆದು ಎರಡೂ ತುದಿಗೆ ಒಂದೇ ಬಣ್ಣದ ರೇಶ್ಮೆ ಎಳೆ ಕಟ್ಟಿ, ಚೀಟಿಯ ಪ್ರಕಾರ ಕೂಡಿಸಿದರು. ಮೂರು ರವಿವಾರ ಹಿಡಿಯಿತು. ಕೊನೆಗೆ ಪಿನ್ನು ಸಿಗಿಸಿದಾಗ ಸ್ಪೀಕರಿನಿಂದ ಸುಯ್ಯೆಂದು ಸಪ್ಪಳ ಬಂತು. ಹಾಡು ಬರುವ ಮೊದಲೇ ಮಾವ ಟೇಪು ಬಂದ್ ಮಾಡಿದರು.

"ಸಾಕು. ಉಳಿದದ್ದು ಅಕಿ ಕೇಳ್ಲಿ."

ಇದೊಂದೇ ಸಲ, ಮತ್ತೆ ಕೇಳಬಾರದು ಎಂಬ ಕರಾರಿನ ಮೇಲೆ ಅತ್ತೆ ಕಾರು ಹತ್ತಿದರು. ಕಣ್ಣು ಮುಚ್ಚಿ, ಬಾಗಿಲಿನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು ಕೂತರು. ಊರಿನ ಕೊನೆಯ ಮನೆ ಬಂತು.

"ನಿಂದರಸಪಾ, ಇಳೀತೇನಿ."

ಮಾವ ಟೇಪಿನ ಗುಂಡಿ ಒತ್ತಿದರು. ಖಟಕ್, ಖಟಕ್, ಖಟಕ್!

ನಾನು ಹೌಹಾರಿ ಬ್ರೇಕ್ ಹಾಕಿದೆ. "ಮಾಮಾ, ಎಂಜಿನ್ ಬಡ್ಯಾಕತ್ತೇತ್ರಿ!"

"ಎಂಜಿನ್ ಅಲ್ಲಲೇ, ಮಗ್ಗ. ಸುಮ್ಮನ ಹೊಡಿ."

ಅತ್ತೆಯ ಕೈ ಹಿಡಿಕೆ ಬಿಟ್ಟಿತು. ತಲೆ ವಾರೆ ಮಾಡಿ ಕೇಳಿದರು.

"ನಮ್ಮ ಮಗ್ಗ!" ಎಂದರು. ಇನ್ನಷ್ಟು ಕೇಳಿ, "ಯಾರ ನೇಯ್ದಾರ ಇದನ್ನ? ಲಾಳಿ ತಡದ ತಡದ ಹೊಂಟೇತಿ... ನೀವಾ?"

"ನೀ ಮಠಕ್ಕ ಹೋದಾಗ ಕೂತಿದ್ದೆ." ಮಾವ ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದರು. "ನಿನ್ನ ಗತೆ ಬರೂದಿಲ್ಲ."

ಎಳೆ ಕೂಡಿಸುವುದು ಬಿಟ್ಟರೆ ಮಗ್ಗದ ಕುಣಿಗೆ ಎಂದೂ ಕಾಲಿಳಿಸದ ಮನುಷ್ಯ! ಅಲ್ಲಿಂದ ಬಾಗಲಕೋಟೆಯವರೆಗೆ ಅತ್ತೆ ಬೈದದ್ದೇ ಬೈದದ್ದು. "ಕಾಲ ಬಿಗಿ ಒತ್ತಬಾರದ? ಅಗಾ, ಹರೀತ ನೋಡ್ರಿ ಎಳಿ! ಆ ಬಟ್ಟಿ ಎಲ್ಲಿಟ್ಟೀರಿ?" ಬಟ್ಟೆ ಚೀಲದಲ್ಲಿದೆ ಎಂದು ಮಾವ ಒಪ್ಪಿಕೊಂಡರು. ಅಮೀನಗಡ ದಾಟಿತು, ಶಿರೂರು ದಾಟಿತು. ಅತ್ತೆಗೆ ಹೊಟ್ಟೆ ತೊಳಸುವುದು ನೆನಪಿಗೇ ಬರಲಿಲ್ಲ. ಕ್ಯಾಸೆಟ್ ಮುಗಿದಾಗಲೆಲ್ಲ "ತಿರುವಿ ಹಚ್ಚರಿ" ಎನ್ನುತ್ತಿದ್ದರು.

ಆಪರೇಶನ್ ಆಯಿತು. ಪಟ್ಟಿ ಬಿಚ್ಚಿ ದಪ್ಪ ಗಾಜಿನ ಕನ್ನಡಕ ಹಾಕಿದ ದಿನ ಡಾಕ್ಟರು ಬೆರಳು ತೋರಿಸಿ ಎಷ್ಟೆಂದು ಕೇಳಿದರು. ಅತ್ತೆ ಬೆರಳಿನ ಕಡೆ ನೋಡಲೇ ಇಲ್ಲ.

"ಇವರು ನೇಯ್ದದ್ದು ತೋರಸ್ರಿ ಮೊದ್ಲ."

ಮಾವ ಅಳುಕುತ್ತ ಚೀಲದಿಂದ ಗೇಣುದ್ದದ ಬಟ್ಟೆ ತೆಗೆದರು. ಸೊಟ್ಟ ಅಂಚು, ಅಲ್ಲಲ್ಲಿ ಹರಿದ ಎಳೆ. ಅತ್ತೆ ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಬೆಳಕಿಗೆ ಹಿಡಿದರು. ಮಾವ ಗೋಡೆಯ ಕಡೆ ತಿರುಗಿ ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಇಲ್ಲಿ ತಪ್ಪೇತಿ" ಎಂದು ಅತ್ತೆ ಬಟ್ಟೆಯ ಮೇಲೆ ಬೆರಳಿಟ್ಟರು. "ಇಲ್ಲೂ ತಪ್ಪೇತಿ. ಅಯ್ಯ, ಇಲ್ಲಿ ನೋಡ್ರಿ, ಇಲ್ಲೂ..." ಬಟ್ಟೆಯನ್ನು ಎದೆಗೆ ಒತ್ತಿಕೊಂಡು ಹೇಳಿದರು.

"ಎಲ್ಲಾ ಕಾಣಾಕತ್ತೇತ್ರೀ."