ಕನ್ನಡ ಮರೆತ ಮನೆಯಲ್ಲಿ ಊಟ

ಬ್ಯಾಂಕಿನವರು ನನ್ನನ್ನು ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ವರ್ಗ ಮಾಡಿದ ಮೇಲೆ, ನನ್ನ ಜತೆ ಕನ್ನಡದಲ್ಲಿ ಮಾತನಾಡುತ್ತಿದ್ದವನು ನಾನೊಬ್ಬನೇ. ಅವನ ಮಾತೂ ಬೇಗನೆ ಬೇಸರ ಹುಟ್ಟಿಸಿತು! ಹೆಂಡತಿ ಮಕ್ಕಳು ತುಮಕೂರಿನಲ್ಲಿ. ನಾನು ಬಾಡಿಗೆ ಕೋಣೆಯಲ್ಲಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಚಿಂತಿಸುತ್ತ. ಕೋಣೆಯಲ್ಲಿ ಗ್ಯಾಸೇ ಇರಲಿಲ್ಲ ಎಂಬುದು ಬೇರೆ ಮಾತು.

ಒಂದು ದಿನ ವಿಜಯವಾಡದ ಹಳೆಯ ಸಹೋದ್ಯೋಗಿ ಮೂರ್ತಿ ಫೋನ್ ಮಾಡಿದರು. "ನಿಮ್ಮ ಊರಿನ ಹೊರಗೆ ಪೆಂಡುರ್ತೀಲಿ ನಮ್ಮ ಚಿಕ್ಕಮ್ಮನ ಮಗಳು ಶಾರದಾ ಇದಾಳೆ ಕಣ್ರೀ. ಭಾನುವಾರ ಹೋಗಿ, ನಾನು ಹೇಳಿರ್ತೀನಿ. ಬಸ್ ಸ್ಟಾಪ್ ಹಿಂದೆ, ನೀಲಿ ಗೇಟು. ಅಲ್ಲೇ ಹುಟ್ಟಿ ಬೆಳೆದೋಳು, ಕನ್ನಡ ಸ್ವಲ್ಪ ತುಕ್ಕು ಹಿಡಿದಿರುತ್ತೆ, ಅಷ್ಟೆ."

ತುಕ್ಕು ತಾನೆ? ಉಜ್ಜಿದರಾಯಿತು!

ಭಾನುವಾರ ಮಧ್ಯಾಹ್ನ ನೀಲಿ ಗೇಟಿನ ಮುಂದೆ ನಿಂತು, "ಮೂರ್ತಿ ಹೇಳಿದ್ದರಲ್ಲ, ನಾನೇ" ಎಂದೆ. ಮನೆಯ ಯಜಮಾನರು ನಕ್ಕು ಒಳಗೆ ಕರೆದರು. ಅವರ ಹೆಂಡತಿ ಆಗಲೇ ಎಲೆ ಹಾಕುತ್ತಿದ್ದರು. ಇಬ್ಬರ ಬಾಯಲ್ಲೂ ಬರೀ ತೆಲುಗು. ತುಕ್ಕಲ್ಲ, ಕಬ್ಬಿಣವೇ ಕರಗಿಹೋಗಿದೆ ಎಂದು ನನಗೆ ಸಂಕಟವಾಯಿತು.

ಅನ್ನ, ಪಪ್ಪು, ಗೋಂಗೂರ ಸೊಪ್ಪಿನ ಖಾರದ ಪಚ್ಚಡಿ, ಮೇಲೆ ಧಾರಾಳವಾಗಿ ತುಪ್ಪ. ಉಣ್ಣುತ್ತಲೇ ನಾನು ಉದ್ಧಾರಕಾರ್ಯ ಆರಂಭಿಸಿದೆ.

"ಶಾರದಮ್ಮಾ, ಇದು ಪಪ್ಪು ಅಲ್ಲ, ತೊವ್ವೆ. ಎಲ್ಲಿ, ಹೇಳಿ ನೋಡೋಣ?"

ಆಕೆ ಕಕ್ಕಾಬಿಕ್ಕಿಯಾಗಿ ಗಂಡನ ಮುಖ ನೋಡಿದರು. ಆತ, "ಅವುನಂಡಿ, ಅವುನು" ಎಂದು ತಲೆಯಾಡಿಸಿದರು. ನಾನು ಬಿಡಲಿಲ್ಲ. ಮನೆಯಲ್ಲಿ ಮಾತೃಭಾಷೆ ಉಳಿಸಿಕೊಳ್ಳದವರ ಗತಿ ಏನು ಎಂಬ ಬಗ್ಗೆ ಮಜ್ಜಿಗೆ ಬರುವವರೆಗೂ ಭಾಷಣ ಮಾಡಿದೆ. ಮಧ್ಯೆ ಮಧ್ಯೆ ಅನ್ನ ಹಾಕಿಸಿಕೊಂಡೆ. ತಿಂಗಳುಗಳ ಮೇಲೆ ಯಾರೋ ನನ್ನ ಮಾತು ಕೇಳುತ್ತಿದ್ದರು! ಗೋಂಗೂರದ ಖಾರ ಎಂದು ಕಣ್ಣೊರೆಸಿಕೊಂಡು ನೀರು ಕುಡಿದೆ.

ಕೈ ತೊಳೆದು, ಅಡಿಕೆ ಬಾಯಿಗೆ ಹಾಕಿಕೊಂಡೆ. ಯಜಮಾನರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಬಹಳ ವಿನಯದಿಂದ ತೆಲುಗಿನಲ್ಲಿ ಕೇಳಿದರು:

"ಇಂತಕೀ ಮೀರು ಎವರಂಡೀ?"

ಅಂದರೆ, ಅಷ್ಟಕ್ಕೂ ತಾವು ಯಾರು ಎಂದು!

ಅಡಿಕೆ ಗಂಟಲಿಗೆ ಅಡ್ಡ ನಿಂತಿತು. ಅವರ ಮನೆಯಲ್ಲಿ ಒಂದು ಪದ್ಧತಿಯಂತೆ. ಊಟದ ಹೊತ್ತಿಗೆ ಬಂದವರನ್ನು, ಕೈ ತೊಳೆಯುವವರೆಗೆ ಯಾರೆಂದು ಕೇಳಬಾರದು. ಹೆಂಡತಿ ನನ್ನನ್ನು ಗಂಡನ ಆಫೀಸಿನವನು ಎಂದುಕೊಂಡಿದ್ದರಂತೆ. ಗಂಡ ನನ್ನನ್ನು ಹೆಂಡತಿಯ ತವರಿನ ಕಡೆಯವನು ಎಂದುಕೊಂಡಿದ್ದರಂತೆ.

"ಇವಳದು ಗಡಿಯ ಹಿಂದೂಪುರ ಸಾರ್," ಎಂದರು ತೆಲುಗಿನಲ್ಲೇ. "ಆ ಕಡೆಯವರ ತೆಲುಗು ಸ್ವಲ್ಪ ಹೀಗೇ ಕೆಟ್ಟಿರುತ್ತೆ ಅಂತ ಸುಮ್ಮನಿದ್ದೆ."

ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದರು. ನಗು ಮಾತ್ರ ಹೊರಗೇ ಉಳಿಯಿತು.

ಮೂರ್ತಿಯ ಫೋನು, ಶಾರದಾ, ನನ್ನ ಒಂಟಿ ಕೋಣೆ ಎಲ್ಲ ವಿವರಿಸಿದ ಮೇಲೆ ಯಜಮಾನರು ತಾವೇ ಮುಂದಿನ ಬೀದಿಗೆ ಕರೆದುಕೊಂಡು ಹೋದರು. ಅಲ್ಲೂ ನೀಲಿ ಗೇಟು! ಅಸಲಿ ಶಾರದಮ್ಮ ಗೇಟಿನ ಒಳಗಡೆಯೇ ನಿಂತು ಮಾತನಾಡಿಸಿದರು.

"ಓ, ನೀವೇನಾ? ಮೂರ್ತಿ ಹೇಳಿದ್ದ. ಊಟ ಮಾಡ್ಕೊಂಡೇ ಬಂದಿರ್ತೀರ, ಅಲ್ವಾ? ನಾವು ಈಗ ಸಿನಿಮಾಗೆ ಹೊರಟಿದ್ವಿ. ಇನ್ನೊಂದ್ಸಲ ಯಾವಾಗಾದ್ರೂ ನೋಡೋಣ."

ಎಂಥ ಕನ್ನಡ! ಒಂದು ಚುಕ್ಕೆ ತುಕ್ಕಿಲ್ಲ. ಗೇಟಿನ ಅಗುಳಿ ಮಾತ್ರ ಅಲುಗಲಿಲ್ಲ.

ಬಸ್ ಸ್ಟಾಪಿನವರೆಗೂ ಬಂದ ಯಜಮಾನರು ಕುತೂಹಲದಿಂದ ಕೇಳಿದರು, "ಏನಂದ್ರು ಸಾರ್, ನಿಮ್ಮೋರು?"

ಇಡೀ ಕರ್ನಾಟಕದ ಮಾನ ನನ್ನ ಕೈಯಲ್ಲಿತ್ತು. ಎದೆಯುಬ್ಬಿಸಿ ತೆಲುಗಿನಲ್ಲಿ ಹೇಳಿದೆ: "ಊಟಕ್ಕೆ ಏಳಿ ಅಂತ ಒಂದೇ ಬಲವಂತ! ನಾನೇ ಬೇಡ ಅಂದೆ. ಇನ್ನು ಪ್ರತಿ ಭಾನುವಾರ ಇಲ್ಲೇ ಊಟ ಅಂತ ಆಣೆ ಮಾಡಿಸಿಕೊಂಡ್ರು."

ಅವರ ಮುಖ ಸ್ವಲ್ಪ ಪೆಚ್ಚಾಯಿತು.

"ಹಾಗೋ? ಪಾಪ ಒಂಟಿ ಮನುಷ್ಯ, ಪ್ರತಿ ಭಾನುವಾರ ನಮ್ಮನೆಗೇ ಬರೋಕೆ ಹೇಳಿ ಅಂತ ಇವಳು ಹೇಳಿ ಕಳಿಸಿದ್ಲು. ಹೋಗಲಿ ಬಿಡಿ, ನಿಮ್ಮೋರೇ ಇರುವಾಗ ನಾವು ಅಡ್ಡ ಬರಬಾರದು."

ಬಸ್ಸು ಬಂತು. ಅವರು ಕೈ ಮುಗಿದರು, ನಾನೂ ಮುಗಿದೆ.

ಕರ್ನಾಟಕದ ಮಾನ ಉಳಿಯಿತು. ಮುಂದಿನ ಭಾನುವಾರ ಅದರ ಸಂರಕ್ಷಕ, ಮೆಸ್ಸಿನ ಮೂಲೆಯ ಮೇಜಿನಲ್ಲಿ, ಒಬ್ಬನೇ ಕೂತು ನೀರು ಸಾಂಬಾರು ಉಂಡ.