ನಾದಿನಿಯ ಮೂಗು, ನನ್ನ ರಕ್ತದ ಕೊಬ್ಬು

ನಮ್ಮ ನಾದಿನಿ ಹುಟ್ಟುವಾಗ ಮೊದಲು ಮೂಗು ಹೊರಗೆ ಬಂತು, ಅದು ಸುತ್ತಲೂ ಮೂಸಿ ನೋಡಿ ಎಲ್ಲ ಸರಿಯಾಗಿದೆ ಎಂದ ಮೇಲೆ ಉಳಿದ ಮೈ ಬಂತು ಎಂದು ನಾನು ಹೇಳುತ್ತೇನೆ. ಸುಳ್ಳು ಎನ್ನುವವರು ತಾಳಿಕೋಟೆಗೆ ಬಂದು ನಮ್ಮ ಮನೆಯಲ್ಲಿ ಒಂದು ದಿನ ಇದ್ದು ನೋಡಲಿ! ಮೂರು ಮನೆ ಆಚೆ ಯಾರಾದರೂ ತತ್ತಿ ಒಡೆದರೆ ಇವಳು ಇಲ್ಲಿ ಕಿಟಕಿ ಮುಚ್ಚುತ್ತಾಳೆ.

ನಮ್ಮದು ಲಿಂಗ ಕಟ್ಟಿದ ಮನೆತನ. ಮೀನು, ಮಾಂಸ ನಾನೂ ಮುಟ್ಟಿದವಳಲ್ಲ. ಆದರೆ ವಾಸನೆ ಬಂದರೆ ಮುಖ ಆ ಕಡೆ ತಿರುಗಿಸುತ್ತೇನೆ, ಅಷ್ಟೆ. ಇವಳು ಹಾಗಲ್ಲ. ಒಮ್ಮೆ ನಿಡಗುಂದಿಯಿಂದ ಬರುವಾಗ ಬಸ್ಸಿನಲ್ಲಿ ಒಬ್ಬಾಕೆ ಬುಟ್ಟಿ ಇಟ್ಟಳು. ಮೇಲೆ ಒದ್ದೆ ಬಟ್ಟೆ ಮುಚ್ಚಿತ್ತು. ನಾದಿನಿ ಎದ್ದು ನಿಂತೇ ಬಿಟ್ಟಳು.

"ಏ ತಮ್ಮಾ ಕಂಡಕ್ಟರಾ, ಆ ಬುಟ್ಟಿಯರ ಇಳಸು, ಇಲ್ಲಾ ನನ್ನರ ಇಳಸು!"

"ಬುಟ್ಟಿಗೂ ಟಿಕೀಟ ತಗಸ್ಯಾರ್ರೀ ಯವ್ವಾ."

ಇಳಿದವರು ನಾವು. ಬಿಸಿಲಲ್ಲಿ ಒಂದು ತಾಸು ನಿಂತೆವು. ಮುಂದಿನ ಬಸ್ಸು ಬಂತು. ಅದರಲ್ಲಿ ಎರಡು ಬುಟ್ಟಿ ಇದ್ದವು!

ನನ್ನ ಮದುವೆಯಾದ ಮರುವರ್ಷವೇ ಅವಳು ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಆಮೇಲೆ ಅತ್ತೆ, ಮಾವ, ಕಡೆಗೆ ನನ್ನ ಗಂಡನೂ ಹೋದರು. ಮಕ್ಕಳು ನನಗೂ ಆಗಲಿಲ್ಲ, ಅವಳಿಗೂ ಇಲ್ಲ. ಉಳಿದದ್ದು ನಾವಿಬ್ಬರು ಮತ್ತು ಒಂದು ಒಲೆ. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಖಡಕ್ ರೊಟ್ಟಿ ಮಾಡಿ ಕೊಡುತ್ತೇವೆ. ನಾನು ಬಡಿಯುತ್ತೇನೆ, ಅವಳು ಬೇಯಿಸುತ್ತಾಳೆ. ಜಗಳ ಮಾತ್ರ ಇಬ್ಬರೂ ಕೂಡಿ ಮಾಡುತ್ತೇವೆ.

ಹೋದ ವರ್ಷ ರೊಟ್ಟಿ ಬಡಿಯುವಾಗ ನನಗೆ ಎದೆ ಹಿಡಿದಂತಾಯಿತು. ಮುದ್ದೇಬಿಹಾಳಕ್ಕೆ ಹೋದೆವು. ಡಾಕ್ಟರಬಾಯಿ ರಕ್ತ ತೆಗೆಸಿ, ಎದೆಗೆ ತಂತಿ ಹಚ್ಚಿಸಿ ನೋಡಿ ಹೇಳಿದರು: "ಅಜ್ಜಿ, ರಕ್ತದಾಗ ಕೊಬ್ಬು ಭಾಳ ಐತ್ರಿ. ಹಿಂಗ ಬಿಟ್ರ ಹೃದಯಕ್ಕ ಹೊಡತ."

ನಾನು ಬಾಯಿ ತೆಗೆಯುವ ಮೊದಲೇ ನಾದಿನಿ ಅಂದಳು: "ಮೊದ್ಲ ನಾಲಿಗ್ಯಾಗ ಇತ್ತು ಬಾಯಾರ, ಈಗ ರಕ್ತಕ್ಕ ಇಳದೈತಿ."

ಎಂಥ ಮಾತು ನೋಡಿ! ದಿನಾ ಒಂದು ಗುಳಿಗೆ, ದಿನಾ ನಡಿಗೆ, ಭಜಿ ಮಿರ್ಚಿ ಬಂದ್ ಎಂದು ಡಾಕ್ಟರಬಾಯಿ ಬರೆದುಕೊಟ್ಟರು. ಆದರೆ ಮನೆ ಮುಟ್ಟುವ ತನಕ ನಾದಿನಿ ಒಂದು ಮಾತೂ ಆಡಲಿಲ್ಲ. ನನಗೆ ಎದೆನೋವಿಗಿಂತ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಅದಾಗಿ ಎಂಟು ದಿನಕ್ಕೆ ಮನೆಯಲ್ಲಿ ವಿಚಿತ್ರ ಶುರುವಾಯಿತು. ನನ್ನ ತಾಟಿನ ಅಗಸಿ ಹಿಂಡಿಗೆ ಏನೋ ನಾತ. ಅಗಸೆ ಬೀಜ ಹುರಿದು ಖಾರ ಹಾಕಿ ಕುಟ್ಟಿದ ಪುಡಿಗೆ ಯಾವ ನಾತ ಬರಬೇಕು?

"ಇದೇನ ಹಿಂಗ ನಾರ್ತೈತಿ?" ಅಂದೆ.

"ನಳಕ್ಕ ಹೊಳಿ ನೀರ ಬಿಟ್ಟಾರ. ಹೊಳ್ಯಾಗ ಮತ್ತೇನ ಮಲ್ಲಿಗಿ ಇರ್ತೈತೇನ? ತಿನ್ನು."

"ನಿನಗ ವಾಸನಿ ಬರವಲ್ದಾ?"

"ನನಗೇನೂ ಬರವಲ್ದು."

ಬಸ್ಸಿನಿಂದ ನನ್ನನ್ನು ಇಳಿಸಿದ ಆ ಮೂಗಿಗೆ ವಾಸನೆ ಇಲ್ಲವಂತೆ! ಇತ್ತ ಓಣಿಯ ಬೆಕ್ಕು ನನ್ನ ಹಿಂದೆ ಬಿತ್ತು. ಊಟಕ್ಕೆ ಕುಳಿತರೆ ತೊಡೆಯ ಮೇಲೆ, ನಡಿಗೆಗೆ ಹೊರಟರೆ ಕಾಲಡಿ. ಈ ವಯಸ್ಸಿನಲ್ಲಿ ಒಂದು ಬೆಕ್ಕು ಇಷ್ಟು ಮೆಚ್ಚಿದರೆ ಯಾರಾದರೂ ಅನುಮಾನ ಪಡಬೇಕಲ್ಲವೆ? ನಾನು ಪಡಲಿಲ್ಲ, ಉಬ್ಬಿದೆ. ಮತ್ತೊಂದು ವಿಚಿತ್ರವೆಂದರೆ ನಾದಿನಿ ನನಗೆ ಊಟಕ್ಕೆ ಹಾಕಿದ ಕೂಡಲೇ ಎರಡನೇ ಸಲ ಜಳಕ ಮಾಡುತ್ತಿದ್ದಳು. ಚಳಿಗಾಲದಲ್ಲಿ, ತಣ್ಣೀರಲ್ಲಿ! ತಲೆ ಕೆಟ್ಟಿದೆ ಎಂದುಕೊಂಡೆ. ಅದು ಹೊಸ ಸುದ್ದಿಯೇನೂ ಅಲ್ಲವಲ್ಲ ಎಂದು ಸುಮ್ಮನಾದೆ.

ಒಂದು ಮಧ್ಯಾಹ್ನ ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ನಾದಿನಿ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಸೆರಗಿನಿಂದ ಮೂಗು ಕಟ್ಟಿಕೊಂಡಿದ್ದಳು. ಒಂದು ಕೈಯ ಇಕ್ಕಳದಲ್ಲಿ ಹಳದಿ ಬಣ್ಣದ ಮೆತ್ತನೆ ಗುಳಿಗೆ, ಇನ್ನೊಂದು ಕೈಯಲ್ಲಿ ಜಾಲಿ ಮುಳ್ಳು. ಚುಚ್ಚಿದಳು. ಹಿಂಡಿಯ ಬಟ್ಟಲಿಗೆ ಎಣ್ಣೆ ತೊಟ್ಟಿಕ್ಕಿತು. ಬೆಕ್ಕು ಪಕ್ಕದಲ್ಲೇ ಭಕ್ತಿಯಿಂದ ಕುಳಿತಿತ್ತು.

"ಏನದು?"

ಬೆಚ್ಚಿಬಿದ್ದಳು. "ಎಣ್ಣಿ."

"ಯಾವ ಎಣ್ಣಿ?"

"ಮೀನಿಂದು."

ಕಲ್ಲಿನ ಮೇಲೆ ಕುಳಿತುಬಿಟ್ಟೆ. ಆಮೇಲೆ ಕಥೆ ಹೊರಬಿತ್ತು. ಪಕ್ಕದ ಮನೆಯ ಬೀಬಿಯ ಅಣ್ಣ ಹೃದಯಕ್ಕೆ ಒಳ್ಳೆಯದೆಂದು ಇದನ್ನು ತಿನ್ನುತ್ತಾನಂತೆ. ಔಷಧಿ ಅಂಗಡಿಯಲ್ಲಿ ತಾನೇ ಕೇಳಲು ನಾಚಿಕೆಯಾಗಿ ಇವಳು ಬೀಬಿಯ ಕೈಯಲ್ಲಿ ತರಿಸಿದ್ದಳು. ಬೀಬಿ ಪಾಪ, "ಎಣ್ಣಿ ಯಾಕ್ರೀ, ಮೀನ ಹುರದ ಕೊಡ್ತೇನಿ ಬರ್ರಿ" ಎಂದಿದ್ದಕ್ಕೆ ಇವಳು ಚಪ್ಪಲಿ ಅಲ್ಲೇ ಬಿಟ್ಟು ಓಡಿ ಬಂದಿದ್ದಳಂತೆ.

"ನನಗ ಕೇಳದ ನನ್ನ ಬಾಯಾಗ ಮೀನ ಹಾಕಿದ್ಯಲ್ಲಬೇ!"

"ಕೇಳಿದ್ರ ತಿಂತಿದ್ದಿ ಏನು? ಪಾಪ ನನಗ ಹತ್ಲಿ. ಅದಕ್ಕ ದಿನಾ ಜಳಕ ಮಾಡಾಕತ್ತೇನಿ."

ಮೂರು ದಿನ ಮಾತು ಬಿಟ್ಟೆ. ಆದರೆ ರೊಟ್ಟಿಗೆ ಇಬ್ಬರು ಬೇಕಲ್ಲ! ನಾನು ಬಡಿದು ಒಗೆಯುವುದು, ಅವಳು ಮುಖ ನೋಡದೆ ಹಂಚಿಗೆ ಹಾಕುವುದು. ಆ ಮೂರು ದಿನದ ರೊಟ್ಟಿ ಎಷ್ಟು ತೆಳುವಾಗಿದ್ದವೆಂದರೆ ಖಾನಾವಳಿಯವನು ಇನ್ನಷ್ಟು ಬೇಕೆಂದು ಕೇಳಿದ. ಸಿಟ್ಟಿನಲ್ಲಿ ಬಡಿದದ್ದು ನೋಡಿ!

ನಾಲ್ಕನೇ ದಿನ ಮತ್ತೆ ರಕ್ತ ತೋರಿಸುವುದಿತ್ತು. ಆ ಗುಳಿಗೆಗಳ ಡಬ್ಬಿಯನ್ನೂ ಚೀಲಕ್ಕೆ ಹಾಕಿದೆ. ಈ ಸಲ ದವಾಖಾನೆಯ ವಾಸನೆಯ ನೆಪ ಹೇಳಿ ನಾದಿನಿ ಹೊರಗೆ ಕಟ್ಟೆಯ ಮೇಲೆ ಕುಳಿತಳು.

ಡಾಕ್ಟರಬಾಯಿ ಕಾಗದ ನೋಡಿ, "ಚಲೋ ಇಳದೈತ್ರಿ ಅಜ್ಜಿ! ಗುಳಿಗಿ ತಪ್ಪಿಸಿಲ್ಲ, ನಡದೀರಿ, ಕರಿದಿದ್ದು ಬಿಟ್ಟೀರಿ. ಅದರ ಪುಣ್ಯೇ" ಅಂದರು. ನಾನು ಡಬ್ಬಿ ಮುಂದಿಟ್ಟೆ.

"ಇದರದೇನೂ ಇಲ್ಲೇನ್ರಿ?"

"ಮೀನೆಣ್ಣಿ ಏನ್ರಿ? ನಿಮಗಿದ್ದ ಕೆಟ್ಟ ಕೊಲೆಸ್ಟ್ರಾಲ್ ಇದರಿಂದ ಇಳಿಯೂದಿಲ್ಲ. ರಕ್ತದಾಗ ಇನ್ನೊಂದು ಜಾತಿ ಕೊಬ್ಬು ಇರ್ತೈತಿ, ಅದು ಭಾಳ ಏರಿದವ್ರಿಗೆ ನಾವು ಅಳತಿ ನೋಡಿ ಬರದ ಕೊಡ್ತೇವಿ. ಅಂಗಡ್ಯಾಗಿಂದ ತಂದು ತಿಂದ್ರ ಹೃದಯ ಉಳೀತೈತಿ ಅನ್ನಾಕ ಗಟ್ಟಿ ಆಧಾರ ಇಲ್ರಿ. ನೀವು ಬಿಟ್ಟಬಿಡ್ರಿ. ಬೇಕಾದ್ರ ಮನ್ಯಾಗ ಅಗಸಿ ಹಿಂಡಿ ಮಾಡ್ಕೊಂಡು ತಿನ್ರಿ, ಅದೂ ಚಲೋನ."

ಅಗಸಿ ಹಿಂಡಿ! ನಕ್ಕು ನಕ್ಕು ನನ್ನ ಎದೆ ಅಲ್ಲೇ ಮತ್ತೆ ಹಿಡಿಯಬೇಕಿತ್ತು.

ನಗುತ್ತಲೇ ಹೊರಗೆ ಬಂದೆ. ನಾದಿನಿ ಕಟ್ಟೆಯಿಂದ ಎದ್ದು ನಿಂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಹಗ್ಗ ಮಾಡಿದ್ದಳು.

"ಇಳದೈತೇನ?"

"ಇಳದೈತಿ."

"ಎಣ್ಣಿಂದನ?"

ಇಲ್ಲ, ನಿನ್ನ ಎಣ್ಣೆ ದಂಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳ ಕೈ ನೋಡಿದೆ. ತಣ್ಣೀರಿಗೆ ಬೆರಳುಗಳು ಬಿಳಿಚಿ ಬಿರಿದಿದ್ದವು.

"ಹೂಂ, ಎಣ್ಣಿಂದನ" ಅಂದೆ. "ಆದ್ರ ಇನ್ ಸಾಕಂತ. ಇನ್ನ ಗುಳಿಗಿ ಅಷ್ಟ ತಗೋಬೇಕಂತ."

ಅವಳು ಬೆರಳಿಗೆ ಸುತ್ತಿದ್ದ ಸೆರಗು ಬಿಚ್ಚಿದಳು.

"ಹಂಗಾದ್ರ ನನ್ನ ಬಿಟ್ಟು ಮೊದ್ಲ ಹೋಗೂದಿಲ್ಲಲ್ಲ ನೀ?"

"ಇಲ್ಲ."

"ನಡಿ ಹಂಗಾದ್ರ. ಹಿಟ್ಟ ಮುಗದೈತಿ, ಗಿರಣಿ ಬಾಗಲಾ ಹಾಕ್ತಾರ" ಎಂದು ರಸ್ತೆ ದಾಟಲು ನನ್ನ ಕೈ ಹಿಡಿದಳು. ಬಲು ಬಿಗಿಯಾಗಿ ಹಿಡಿದಿದ್ದಳು, ನೋಯುತ್ತಿತ್ತು. ಬಿಡು ಎನ್ನಲಿಲ್ಲ.